ಎರಡಾಳು ನೀರು

ನಮ್ಮ ಮನೆ ಮಾಲೀಕ ಹನುಮಂತರಾಯಪ್ಪನವರಿಗೆ ಕೂತಲ್ಲಿ ಕೂರಲಾಗದ ಕಾಯಿಲೆ. ಪಟ್ಟಂದೂರು ಅಗ್ರಹಾರದ ಹಳೆಯ ರೈತ ಕುಟುಂಬ. ರಾಗಿ ಹೊಲವಿದ್ದ ಕಡೆ ಈಗ ಅವರ ಬಾಡಿಗೆ ಮನೆಗಳು. ಅದರಲ್ಲೊಂದರ ಮಹಡಿಯಲ್ಲಿ ನಾನಿದ್ದೆ. ಹೊಲ ಹೋದ ಮೇಲೆ ಕೈಗೆ ಕೆಲಸವಿಲ್ಲದೆ, ಹೊತ್ತಲ್ಲದ ಹೊತ್ತಿನಲ್ಲಿ ಮಹಡಿ ಹತ್ತಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದರು. ಇಂಥವರಿಗೆ 2012ರಲ್ಲಿ ಮೂಳೆ ಡಾಕ್ಟರೊಬ್ಬರು ಕೆಲಸ ಹಚ್ಚಿದರು.

ಹೆಂಡತಿ ನಾಗಲಕ್ಷ್ಮಮ್ಮನವರ ಮಂಡಿ ಸವೆದು ಬಚ್ಚಲಿಗೂ ಗೋಡೆ ಹಿಡಿದೇ ಹೋಗುವಂತಾಗಿತ್ತು. ದಿನಾ ನೀರಿನೊಳಗೆ ನಡೆದಾಡಿಸಿ, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಪಕ್ಕದ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಹಿತ್ತಲಲ್ಲೇ ಕಟ್ಟಿಸುತ್ತೇನೆ ಎಂದು ರಾಯಪ್ಪನವರು ಎದ್ದು ನಿಂತರು.

ಮರುದಿನದಿಂದಲೇ ಕಂಟ್ರಾಕ್ಟರುಗಳ ಮೆರವಣಿಗೆ. ಬಂದವರೆಲ್ಲ ನಾಲ್ಕಡಿ ಆಳ ಸಾಕು ಎನ್ನುವವರೇ. ಬಣ್ಣದ ಫೋಟೋಗಳ ಆಲ್ಬಮ್ ಹಿಡಿದು ವೈಟ್‌ಫೀಲ್ಡಿನಿಂದ ಬಂದ ಪರಮಾನಂದ ಎಂಬಾತ, ಕಾಫಿ ಮುಗಿಯುವ ಮೊದಲೇ ಗೇಟಿನಾಚೆ ಇದ್ದ.

"ನಾಲ್ಕಡಿ ನೀರ್ನಾಗೆ ಎಮ್ಮೆ ತೊಳೀತಾರೆ ಕಣ್ರೀ," ಎಂದು ರಾಯಪ್ಪನವರು ನನ್ನೆದುರು ಕೂಗಾಡಿದರು. "ನಾನು ಬಾವಿ ಕಟ್ಟೆಯಿಂದ ದುಮುಕಿ ಈಜು ಕಲ್ತೋನು. ನೀರು ಅಂದ್ಮೇಲೆ ಎರಡಾಳು ಆಳ ಇರ್ಬೇಕು."

ಅಂತೂ ಎರಡಾಳಿಗೆ ಒಪ್ಪಿದವನು, ಕೊಪ್ಪಳದ ಕಡೆಯಿಂದ ಬಂದು ಮನೆಗಳಿಗೆ ಸಂಪು ಕಟ್ಟಿಕೊಡುತ್ತಿದ್ದ ಗದಿಗೆಪ್ಪ. "ನೀವು ಹೆಂಗಂತೀರಿ ಹಂಗ್ರಿ ಯಜಮಾನ್ರ," ಎಂದ. ಅಷ್ಟಕ್ಕೇ ಎಲೆ ಅಡಿಕೆ ಕೈಗಿಟ್ಟು ಕೆಲಸ ಒಪ್ಪಿಸಿಬಿಟ್ಟರು. ನನಗೆ ಮೈ ಉರಿಯಿತು. ಹೂಂಗುಟ್ಟುವವನನ್ನೇ ಆರಿಸಿಕೊಳ್ಳುವ ದೊಡ್ಡವರನ್ನು ನಾನು ಆಫೀಸಿನಲ್ಲೇ ಸಾಕಷ್ಟು ನೋಡಿದ್ದೇನೆ.

ಶುಕ್ರವಾರ ಬೆಳಿಗ್ಗೆ ಗುದ್ದಲಿ ಪೂಜೆ. ಆ ಮನೆಯಲ್ಲಿ ಯಾವ ಪಾಯಕ್ಕೂ ಮೊದಲ ಏಟು ಹಾಕುವುದು ಮನೆಯೊಡತಿ. ನಾಗಲಕ್ಷ್ಮಮ್ಮ ಗೋಡೆ ಹಿಡಿದುಕೊಂಡೇ ಬಂದರು. ಅರಿಸಿನ ಕುಂಕುಮ ಹಚ್ಚಿದ ಗುದ್ದಲಿ ಕೈಗೆತ್ತಿಕೊಂಡು, ಸುಣ್ಣದ ಗೆರೆಯನ್ನು ನೋಡುತ್ತ ನಿಂತರು.

"ಗದಿಗೆಪ್ಪಾ, ಇದ್ರಾಗೆ ನಾನು ಎಲ್ಲಿ ನಿಂತ್ಕಳ್ಳಿ?"

"ನಿಲ್ಲಾಕ ಬರಂಗಿಲ್ರಿ ಅಮ್ಮಾರ. ಯಜಮಾನ್ರು ಈಜಾಕ ಅಂದಾರಲ್ರಿ."

ನಾಗಲಕ್ಷ್ಮಮ್ಮ ಗುದ್ದಲಿಯನ್ನು ಗೋಡೆಗೆ ಒರಗಿಸಿಬಿಟ್ಟರು. ಐನೋರ ಮಂತ್ರ ಅಲ್ಲಿಗೇ ನಿಂತಿತು.

"ನಂಗೆ ಈಜು ಬರಾಕಿಲ್ಲ ಅಂತ ನಿಮಗೆ ಗೊತ್ತಿಲ್ವಾ?" ಎಂದು ಗಂಡನನ್ನು ಕೇಳಿದರು. "ನಂಗೆ ನಡೀಬೇಕು ಅಂತ ಆಸೆ. ಅಷ್ಟೇಯಾ."

ರಾಯಪ್ಪನವರ ಮುಖ ನೋಡಿ, ಅಷ್ಟು ದಿನ ಬೈದುಕೊಂಡಿದ್ದ ನನಗೇ ಸಂಕಟವಾಯಿತು.

"ನೀರು ಎಷ್ಟಿರ್ಬೇಕು?" ಎಂದರು ರಾಯಪ್ಪನವರು.

"ಎದೆ ಮಟ್ಟ."

ಅವರು ಹತ್ತಿರ ಬಂದು, ತಮ್ಮ ಅಂದಾಜಿನಲ್ಲಿ ಹೆಂಡತಿಯ ಎದೆ ಮಟ್ಟಕ್ಕೆ ಅಂಗೈ ಚಾಚಿದರು. ಅದು ಆಕೆಯ ಗದ್ದಕ್ಕೆ ತಾಗಿತು.

"ಇನ್ನೂ ಕೆಳಗೆ," ಎಂದರು ಆಕೆ.

ಅಂಗೈ ಮೆಲ್ಲಗೆ ಇಳಿಯಿತು. "ಯಾವಾಗ ಇಷ್ಟು ಬಗ್ಗಿ ಹೋದ್ಯೇ?"

ರಾಯಪ್ಪನವರು ನನ್ನ ಕಡೆ ತಿರುಗಿ, ಆ ನಾಲ್ಕಡಿಯ ಪರಮಾನಂದನಿಗೆ ಫೋನ್ ಮಾಡಿ ಎಂದರು. ಆತ ಅಳತೆಯ ಟೇಪು ಹಿಡಿದು ಬರುವವರೆಗೂ ಆ ಕೈಯನ್ನು ಕೆಳಗಿಳಿಸಲಿಲ್ಲ.