ನಮ್ಮ ಮಿಲ್ಲಿನ ಸಾಲವನ್ನು ಕೊಂಡವರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಬೈಗುಳವಾಗುತ್ತದೆ. ಗುಂಡು ಮುಖ, ಹಣೆಯ ತನಕ ಕೂದಲು, ಮುಷ್ಟಿ ಬಿಗಿದರೆ ಪೈಲ್ವಾನನ ಹಾಗೆ. ನಾನು ನಾಲ್ಕನೇ ಕ್ಲಾಸು ಓದಿದವಳು, ಆದರೂ ಅವಳ ವಿಷಯ ಬರೆಯಲು ಕೂತರೆ ಪೆನ್ನು ನಿಲ್ಲುವುದಿಲ್ಲ.

ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಗೆ ಅಂಟಿಕೊಂಡೇ ನಮ್ಮ ಹಿಟ್ಟಿನ ಮಿಲ್ಲು. ಹಳೇ ಮೋಟಾರು ಸುಟ್ಟುಹೋದಾಗ ಹೊಸದಕ್ಕೆಂದು ಕಡೂರಿನ ಒಂದು ಫೈನಾನ್ಸಿನಲ್ಲಿ ನನ್ನ ಹೆಸರಿಗೆ ಸಾಲ ತೆಗೆದೆವು. ತಿಂಗಳು ತಿಂಗಳು ನಾನೇ ಬಸ್ಸು ಹತ್ತಿ ಹೋಗಿ ಕಂತು ಕಟ್ಟಿ ಬಂದೆ. ಮಗಳು ಹೆರಿಗೆಗೆ ಬಂದಿದ್ದಾಗಲೇ ಕೊನೆಯ ಕಂತೂ ಮುಗಿಯಿತು.

ನಮ್ಮ ಮನೆತನದಲ್ಲಿ ತೀರಿದ ಸಾಲದ ಕಾಗದವನ್ನು ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಬಾಣಂತಿ ಇರುವ ಮನೆಯಲ್ಲಂತೂ ಇರಲೇಬಾರದು ಎನ್ನುತ್ತಿದ್ದರು ನಮ್ಮತ್ತೆ. ಸರಿ, ಆಸ್ಪತ್ರೆಯಿಂದ ಬಂದ ಕೂಸಿಗೆ ಮನೆಯಲ್ಲಿ ಮೊದಲ ಸಲ ಎರೆಯುವ ದಿನ ರಸೀದಿಗಳನ್ನೆಲ್ಲ ತಂದು ನೀರೊಲೆಗೆ ತುರುಕಿದೆ. ಹಂಡೆ ಸಣ್ಣಗೆ ಹಾಡತೊಡಗಿತು. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಸಾಲ ಸುಟ್ಟು ಕಾದ ನೀರನ್ನು ಬೊಗಸೆ ಬೊಗಸೆ ಎರೆದೆ. ಆ ಹೊತ್ತಿನ ನನ್ನ ಸಂತೋಷಕ್ಕೆ ಎಣೆಯೇ ಇರಲಿಲ್ಲ.

ಮುಂದಿನ ವಾರ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಕಪ್ಪು ಕನ್ನಡಕದ ಸಣಕಲ, ಇನ್ನೊಬ್ಬ ಬ್ಯಾಗು ಹಿಡಿದ ದಪ್ಪನೆಯವನು. ಮಿಲ್ಲಿನಲ್ಲಿ ರಾಗಿ ಬೀಸಿಸಲು ಬಂದ ಹೆಂಗಸರು ಕೂತಿದ್ದರು. ಸಣಕಲ ನಮ್ಮ ಯಜಮಾನರ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದ: "ನಿಮ್ ಸಾಲ ಈಗ ನಮ್ ಕಂಪನೀದು. ಕಡೂರ್ನೋರು ನಮಗೆ ಮಾರವ್ರೆ. ಎರಡು ಕಂತು ಬಾಕಿ ಐತೆ, ಬಡ್ಡಿ ಬೇರೆ. ಕಟ್ಟಿ, ಇಲ್ಲ ಮೋಟ್ರು ಬಿಚ್ಕೊಂಡು ಹೋಗ್ತೀವಿ."

ಮೋಟಾರು ಹೋದರೆ ನಮ್ಮ ಅನ್ನವೇ ಹೋದಂತೆ. ನನಗೆ ಮೈ ಉರಿಯಿತು.

"ಸಾಲನ ಮಾರೋಕೆ ಅದೇನ್ ಕುರಿನೇನ್ರೋ? ಸಂತೇಲಿ ಹಲ್ಲು ನೋಡಿ ಕೊಂಡ್ಕಂಡ್ರಾ?"

"ನೀನ್ ಒಳಗ್ ಹೋಗಮ್ಮ. ಸಾಲ ತಗಂಡಿರೋರ್ ಹತ್ರ ಮಾತಾಡ್ತಿದೀವಿ."

"ಸಾಲಕ್ಕೆ ಸೈನ್ ಹಾಕಿದ್ದು ನಾನು ಕಣೋ! ಕೊಂಡ್ಕಂಡೋನಿಗೆ ಅಷ್ಟೂ ಗೊತ್ತಿಲ್ವಾ?"

ಹೆಂಗಸರು ಕಿಸಕ್ಕನೆ ನಕ್ಕರು. ಅದೇ ಅವನಿಗೆ ತಡೆಯದಾಯಿತು. "ನಗ್ರೀ, ನಗ್ರೀ! ನಿಮ್ ಬೀಗರ ಮನೆಗೇ ಹೋಗಿ ಹೇಳ್ತೀವಿ, ನಿಮ್ ಸೊಸೆ ಬಾಕಿದಾರರ ಮನೇಲಿ ಬಾಣಂತನ ಮಾಡಿಸ್ಕಂತಾವ್ಳೆ ಅಂತ," ಎಂದು ಬಾಗಿಲಿಗೆ ದಬದಬ ಬಡಿದ. ಒಳಗೆ ಮಲಗಿದ್ದ ಕೂಸು ಬೆಚ್ಚಿಬಿದ್ದು ಕಿರುಚಿತು. ಆ ಬಡಿತವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ದಪ್ಪನೆಯವನು ಮೆತ್ತಗೆ ಒಂದು ಕಾಗದ ತೆಗೆದ. "ಬಾಕಿ ಐತೆ ಅಂತ ಒಪ್ಕಂಡು ಇಬ್ರೂ ಒಂದೊಂದ್ ಸೈನ್ ಹಾಕ್ಬಿಡಿ ಯಜಮಾನ್ರೇ. ಟೈಮ್ ಕೊಡಿಸ್ತೀನಿ."

ಮಾನಕ್ಕೆ ಅಂಜುವ ಮನುಷ್ಯ ನಮ್ಮವರು, ಪೆನ್ನು ಹಿಡಿದೇಬಿಟ್ಟರು. ನಾನು ಕಿತ್ತುಕೊಂಡೆ. "ರೀ, ಕಟ್ಟಿರೋ ಸಾಲನ ಇನ್ನೊಂದ್ಸಲ ಒಪ್ಕಂತೀರಾ? ಕೂಸಿನ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ, ಒಂದು ಪೈಸೆ ಉಳ್ಸಿಲ್ಲ."

"ಹಂಗಾರೆ ರಸೀದಿ ತೋರ್ಸು," ಎಂದ ಸಣಕಲ.

ನನ್ನ ಕಣ್ಣು ನೀರೊಲೆಯ ಕಡೆ ಹೋಯಿತು. ಅವನು ಹಲ್ಲು ಬಿಟ್ಟ. "ಬುಧವಾರ ಟೆಂಪೋ ತರ್ತೀವಿ."

ಮಾರನೇ ದಿನ ತರೀಕೆರೆ ಕೋರ್ಟಿಗೆ ಹೋದೆ. ಅಲ್ಲಿ ಹೆಂಗಸರಿಗೆ, ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಒಂದು ಕೋಣೆಯಿದೆ. ಕೂತಿದ್ದ ವಕೀಲೆ ನನ್ನ ಮಗಳ ವಯಸ್ಸಿನವಳು. "ನಾನು ಇವರ ಹತ್ರ ಸಾಲನೇ ಮಾಡಿಲ್ಲ, ಇವರು ಯಾರು ಕೇಳೋಕೆ?" ಎಂದು ಶುರುಮಾಡಿದೆ. ಅವಳು ನನ್ನ ಪರವಾಗಿ ಮಾತಾಡುತ್ತಾಳೆಂದುಕೊಂಡಿದ್ದೆ.

"ಸಾಲ ಮಾರಬಹುದು ಅಜ್ಜಿ. ನಿಮ್ಮನ್ನ ಕೇಳ್ಬೇಕು ಅಂತಾನೂ ಇಲ್ಲ. ಕೊಂಡೋರು ಬಾಕಿಗೆ ಕೋರ್ಟಿಗೂ ಹೋಗಬಹುದು," ಎಂದಳು. ಅವಳ ಮೇಲೂ ಸಿಟ್ಟು ಬಂತು. "ಪೂರ್ತಿ ಕೇಳಿ. ಮಾರಿದೋರಿಗೆ ಎಷ್ಟು ಬರಬೇಕಿತ್ತೋ ಕೊಂಡೋರಿಗೂ ಅಷ್ಟೇ. ಮಾರಿದ್ದೀವಿ ಅಂತ ನಿಮಗೆ ನೋಟಿಸ್ ಬಂದಿತ್ತಾ?"

"ಇಲ್ಲವ್ವ."

"ಹಾಗಾದ್ರೆ ನೋಟಿಸ್ ಬರೋವರೆಗೆ ಹಳಬರಿಗೆ ಕಟ್ಟಿದ್ದು ಕಟ್ಟಿದ ಹಾಗೇನೇ. ಬಾಗಿಲು ಬಡಿಯೋದು, ಬಲವಂತವಾಗಿ ಮೋಟಾರ್ ಹೊತ್ಕೊಂಡು ಹೋಗೋದು, ಇದಕ್ಕೆ ಯಾವ ಕಂಪನಿಗೂ ಅಧಿಕಾರ ಇಲ್ಲ. ಎಲ್ಲಿ, ರಸೀದಿ ಕೊಡಿ."

ನೀರೊಲೆಯ ಕಥೆ ಹೇಳಿದೆ. ಅವಳು ತಲೆ ಹಿಡಿದುಕೊಂಡಳು. "ಅಯ್ಯೋ ಅಜ್ಜೀ! ಕಟ್ಟಿದ್ದೀನಿ ಅಂತ ತೋರಿಸಬೇಕಾದೋರು ನೀವೇ ಅಲ್ವಾ?"

"ಕೂಸಿನ ನೀರು ಮಾತ್ರ ಹದವಾಗಿ ಕಾದಿತ್ತು ಕಣವ್ವ."

ಅವಳಿಗೆ ನಗು ಬಂದುಬಿಟ್ಟಿತು. ಸಾಲದ ಪೂರ್ತಿ ಲೆಕ್ಕ ಕೊಡಿ ಎಂದು ಹಳೇ ಫೈನಾನ್ಸಿಗೆ ಒಂದು ಅರ್ಜಿ ಬರೆದುಕೊಟ್ಟು, "ಹೋಗಿ, ತಗೊಂಡೇ ಬನ್ನಿ," ಎಂದಳು.

ಕಡೂರಿನ ಕೌಂಟರಿನವನು ಅರ್ಜಿಯ ಮೇಲೆ ಕಣ್ಣನ್ನೂ ಹಾಯಿಸಲಿಲ್ಲ. "ಆ ಲೋನ್ ಸೇಲ್ ಆಗಿದೆ. ನಮಗೂ ಅದಕ್ಕೂ ಸಂಬಂಧ ಇಲ್ಲ."

"ದುಡ್ಡು ಎಣಿಸ್ಕಳುವಾಗ ಇತ್ತಲ್ಲಪ್ಪಾ ಸಂಬಂಧ?"

"ಹೊಸ ಕಂಪನೀನ ಕೇಳಿ. ಮುಂದೆ ಬನ್ನಿ, ಯಾರು?"

ನಾನು ಪಕ್ಕಕ್ಕೆ ಸರಿದೆ. ಸರಿದು ಸಾಲಿನಲ್ಲಿ ನಿಂತವರ ಕಡೆ ತಿರುಗಿದೆ. "ಅಣ್ಣ, ಅಕ್ಕ, ಕಟ್ಟೋಕ್ ಮುಂಚೆ ಕೇಳ್ಕಳಿ. ನಿಮ್ ಸಾಲ ಇನ್ನೂ ಇವರ ಹತ್ರನೇ ಐತೋ, ಮಾರ್ಕಂಡವ್ರೋ ಅಂತ. ನಂದು ಮಾರಿ, ಈಗ ಕಟ್ಟಿದ್ದೂ ಇಲ್ಲ ಅಂತಾವ್ರೆ."

ದುಡ್ಡು ಹಿಡಿದು ಮುಂದೆ ಬಂದಿದ್ದ ಕೈಗಳು ಹಿಂದಕ್ಕೆ ಹೋದವು. "ಹೌದೇನ್ರೀ? ನಂದೂ ನೋಡಿ ಹೇಳಿ," ಎಂದ ಒಬ್ಬ. ಇನ್ನೊಬ್ಬಳು ಜೋರು ಮಾಡಿದಳು. ಅಲ್ಲಿಯವರೆಗೆ ಮೀಟಿಂಗಿನಲ್ಲಿದ್ದ ಮ್ಯಾನೇಜರಿಗೆ ತಟ್ಟನೆ ಬಿಡುವಾಯಿತು. ಲೆಕ್ಕ ಪ್ರಿಂಟಾಗಿ ಬಂತು.

ನೋಡಿದರೆ ಏನು? ನನ್ನ ಸಾಲವನ್ನು ಮಾರಿದ ಮೇಲೂ ಇವರು ಎರಡು ಕಂತುಗಳನ್ನು ನನ್ನ ಕೈಯಿಂದಲೇ ತೆಗೆದುಕೊಂಡಿದ್ದಾರೆ. ಕೊಂಡವರಿಗೆ ಆ ದುಡ್ಡನ್ನೂ ದಾಟಿಸಿಲ್ಲ, ನನಗೆ ಒಂದು ಮಾತನ್ನೂ ಹೇಳಿಲ್ಲ. ಕಳ್ಳರು! ಆ ಲೆಕ್ಕದ ಮೇಲೆ ಸೀಲು ಹಾಕಿಸಿಕೊಂಡೇ ಅಲ್ಲಿಂದ ಹೊರಟೆ.

ಬುಧವಾರ ಟೆಂಪೋ ಬಂತು. ನಾನು ಮಿಲ್ಲಿನ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಕಾಗದ ಕೊಟ್ಟೆ. ದಪ್ಪನೆಯವನು ಓದಿ, ದೂರ ಹೋಗಿ ಯಾರಿಗೋ ಫೋನು ಮಾಡಿದ. ಸಣಕಲ ಮಾತ್ರ ಸೋಲಲೊಲ್ಲ. "ಅದನ್ನ ನೀವೂ ಕಡೂರ್ನೋರೂ ನೋಡ್ಕಳಿ. ನಮ್ ದುಡ್ಡು ನಮಗ್ ಬೇಕು."

"ಅಲ್ಲ ಕಣಪ್ಪಾ. ಮಾರಿದೋನು ಅವನು, ಕೊಂಡೋನು ನೀನು. ನೀವಿಬ್ರೂ ನೋಡ್ಕಳಿ. ನನ್ ಮೋಟ್ರು ಮುಟ್ಟಿದ್ರೆ ಪೊಲೀಸ್ ಸ್ಟೇಷನ್ನಲ್ಲೇ ಮಾತು."

ಬಂದ ಟೆಂಪೋ ಖಾಲಿಯಾಗಿ ತಿರುಗಿತು. ಹೊರಡುವಾಗ ದಪ್ಪನೆಯವನು ಬಗ್ಗಿ, "ಅಮ್ಮ, ಕಂಪ್ಲೇಂಟ್ ಮಾತ್ರ ಬೇಡ," ಎಂದ. ಬೀಗರ ಮನೆಗೆ ಹೋಗಿ ಹೇಳುತ್ತೇವೆ ಎಂದವರು ಇವರೇ. ಕಂಪ್ಲೇಂಟನ್ನೂ ಕೊಟ್ಟೆ, ವಕೀಲೆಯ ಕೈಯಿಂದ ಎರಡೂ ಕಂಪನಿಗೆ ನೋಟಿಸನ್ನೂ ಕಳಿಸಿದೆ.

ಬಾಕಿ ಇಲ್ಲವೆಂಬ ಪತ್ರ ಸಾಲ ಕೊಂಡ ಕಂಪನಿಯಿಂದ ಅಂಚೆಯಲ್ಲಿ ಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೂಸನ್ನು ಎತ್ತಿಕೊಂಡು ಬೀದಿಗೆ ಬಂದು, ಇವತ್ತು ಯಾರು ಬಂದರೂ ಪುಕ್ಕಟೆ ಬೀಸಿಕೊಡುತ್ತೇವೆ ಎಂದು ಕೂಗಿಬಿಟ್ಟೆ. ನಮ್ಮವರು ಕರೆಂಟು ಬಿಲ್ಲು, ಕರೆಂಟು ಬಿಲ್ಲು ಎಂದು ಗೊಣಗಿದರು. ರಾಗಿ, ಜೋಳ, ಅಕ್ಕಿ, ಮೆಣಸಿನಕಾಯಿ, ಎಲ್ಲ ಬಂದವು. ಆ ಇಬ್ಬರೇನಾದರೂ ಚೀಲ ಹೊತ್ತು ಬಂದಿದ್ದರೆ ಮಾತ್ರ ಅವರ ಮುಖಕ್ಕೇ ಬಾಗಿಲು ಹಾಕುತ್ತಿದ್ದೆ.