ನಾವು ಹೋಗದ ಜಲಪಾತ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಯಾರಾದರೂ ದೆವ್ವ, ಗಾಳಿ ಎಂದು ಮಾತು ತೆಗೆದರೆ "ಹಿಂದಿನ ದಿನ ಸರಿಯಾಗಿ ನಿದ್ದೆ ಮಾಡಿದ್ರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಇದಕ್ಕಾಗಿ ಕೆಲವರಿಗೆ ನನ್ನ ಮೇಲೆ ಸಿಟ್ಟೂ ಇತ್ತು. ಈಗ ಹೇಳಹೊರಟಿರುವುದನ್ನು ಬೇರೆಯವರ ಬಾಯಲ್ಲಿ ಕೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ. ನೀವು ನಂಬಲೇಬೇಕೆಂದೂ ಇಲ್ಲ. ಆದರೆ ಕೊನೆಯವರೆಗೂ ಕೇಳಿ, ಏಕೆಂದರೆ ಇದರಲ್ಲಿ ನನ್ನದೊಂದು ತಪ್ಪೂ ಇದೆ.

ಏಳು ವರ್ಷದ ಹಿಂದಿನ ಮಾತು. ಸಾದಲಿ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ನನ್ನ ನಾದಿನಿ ಪದ್ಮ. ಪದ್ಮನಿಗೆ ಕೆಂಚಾರ್ಲಹಳ್ಳಿಯ ಕಡೆ ಗಂಡು ಗೊತ್ತಾಗಿತ್ತು, ಮದುವೆಗೆ ಇನ್ನೊಂದು ತಿಂಗಳು. ಆಂಧ್ರದ ಗಡಿ ಕಡೆಯ ಬೆಟ್ಟದ ಕಾಡಿನಲ್ಲಿ ಮಳೆಗಾಲದಲ್ಲಷ್ಟೇ ಧುಮುಕುವ ಒಂದು ಜಲಪಾತವಿದೆ. ಅದರ ವಿಡಿಯೋವನ್ನು ಯಾರೋ ಗೆಳತಿ ಅವಳ ಫೋನಿಗೆ ಕಳಿಸಿದ್ದಳು. ನೋಡಿದ್ದೇ ತಡ, ಹುಡುಗಿ ನನ್ನ ಬೆನ್ನು ಹತ್ತಿದಳು. "ಅತ್ತಿಗೆ, ಮದ್ವೆ ಆದ್ಮೇಲೆ ನನ್ನ ಯಾರು ಕರ್ಕೊಂಡ್ ಹೋಗ್ತಾರೆ? ಒಂದ್ಸಲ ಹೋಗ್ಬರಣ. ಅಣ್ಣಂಗೆ ನೀವೇ ಹೇಳಿ."

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಪೂರ್ತಿ ಒಂದು ದಿನದ ಬಿಡುವು ಎಂದರೆ ಸುಮ್ಮನೆ ಅಲ್ಲ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕುತ್ತಲೇ ಇರಬೇಕು. ಹುಳುಗಳು ಪೊರೆ ಬಿಡುವ ದಿನ ಮಾತ್ರ ಅವು ಬಾಯಿ ಕಟ್ಟಿ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತವೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಮನೆಯವರಿಗೆ ರಜೆ. ನಾಲ್ಕನೇ ಜ್ವರ ಭಾನುವಾರಕ್ಕೆ ಬೀಳುತ್ತದೆ ಎಂದು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದವಳು ನಾನೇ. ಬೆಟ್ಟದ ಬುಡದ ಹಳ್ಳಿಯಲ್ಲಿ ಆಡು ಮೇಯಿಸುವ ನಾರಾಯಣಪ್ಪ ಎಂಬುವವರು ದಾರಿ ತೋರಿಸುತ್ತಾರೆಂದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಯಾರೋ ಯಜಮಾನರಿಗೆ ನಂಬರು ಕೊಟ್ಟಿದ್ದರು. ಅವರಿಗೂ ನಾನೇ ಫೋನು ಮಾಡಿ, "ಭಾನುವಾರ ಮೂರು ಜನ ಬರ್ತೀವಿ. ನಾನು, ನಮ್ಮ ಯಜಮಾನ್ರು, ನಮ್ಮ ನಾದ್ನಿ" ಎಂದು ಹೇಳಿದೆ. ಚಿತ್ರಾನ್ನ, ಮೊಸರನ್ನ, ಹೊರಡುವ ಹೊತ್ತು, ಎಲ್ಲ ನಿರ್ಧಾರವಾಯಿತು. ಶನಿವಾರ ಪದ್ಮ ನಿದ್ದೆ ಮಾಡಿದಳೋ ಇಲ್ಲವೋ.

ಭಾನುವಾರ ಬೆಳಗ್ಗೆ ಯಜಮಾನರು ಹುಳುಮನೆಗೆ ಹೋದವರು ಸಪ್ಪೆ ಮುಖ ಮಾಡಿಕೊಂಡು ಬಂದರು. "ಇನ್ನೂ ತಿಂತಾನೇ ಅವೆ. ಇವತ್ತಾಗಲ್ಲ ಕಣಮ್ಮ" ಎಂದು ತಂಗಿಗೆ ಹೇಳಿದರು. ರಾತ್ರಿ ಥಂಡಿ ಹೆಚ್ಚಿತ್ತು, ಜ್ವರ ಒಂದು ದಿನ ಮುಂದಕ್ಕೆ ಹೋಗಿತ್ತು. ಪದ್ಮ ಸಿಟ್ಟು ಮಾಡಿಕೊಂಡು ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದಳು. ಅದೇ ಸಿಟ್ಟಿನಲ್ಲಿ ಸೊಪ್ಪಿನ ಜೊತೆ ಎಡಗೈ ಹೆಬ್ಬೆರಳನ್ನೂ ಕೊಯ್ದುಕೊಂಡಳು. ನನ್ನ ಹಳೇ ಸೀರೆಯ ಚೂರು ಹರಿದು, ಅರಿಸಿನ ಮೆತ್ತಿ ಕಟ್ಟಿದೆ. ಬರುವುದಿಲ್ಲ ಎಂದು ತಿಳಿಸಲು ನಾರಾಯಣಪ್ಪನವರಿಗೆ ನಾಲ್ಕೈದು ಸಲ ಫೋನು ಮಾಡಿದೆ. ಸಿಗ್ನಲ್ ಸಿಗಲಿಲ್ಲ. ಬೆಟ್ಟಕ್ಕೆಂದು ಮಾಡಿದ್ದ ಚಿತ್ರಾನ್ನವನ್ನು ಹುಳುಮನೆಯ ಬಾಗಿಲಲ್ಲಿ ನಿಂತುಕೊಂಡೇ ತಿಂದೆವು.

ಸಂಜೆ ಆರರ ಹೊತ್ತಿಗೆ ನಾರಾಯಣಪ್ಪನವರೇ ಫೋನು ಮಾಡಿದರು. ಕ್ಷಮೆ ಕೇಳೋಣ ಎಂದುಕೊಳ್ಳುವಷ್ಟರಲ್ಲಿ ಬೈಗುಳ ಶುರುವಾಯಿತು.

"ಏಮಮ್ಮಾ, ಮನುಷ್ಯರೇನಾ ನೀವು? ಹುಡುಗೀನ ಕಾಡಲ್ಲಿ ಬಿಟ್ಟು ಗಂಡ ಹೆಂಡ್ತಿ ಕಾರು ಹತ್ಕೊಂಡು ಹೋಗ್ತೀರಲ್ಲ."

ನಾವು ಮನೆ ಬಿಟ್ಟು ಹೊರಟೇ ಇಲ್ಲ ಎಂದೆ.

"ಬೆಳಗ್ಗೆ ಹಳ್ಳ ದಾಟಿಸಿದ್ದು ನಾನೇ ಅಲ್ವೇನಮ್ಮಾ? ಸಾದಲಿಯೋರಾ ಅಂತ ಕೇಳಿದ್ದಕ್ಕೆ ನಿಮ್ಮ ಯಜಮಾನ್ರು ತಲೆ ಆಡಿಸಿದ್ರು. ಎಡಗೈ ಹೆಬ್ಬೆಟ್ಟಿಗೆ ಹಳದಿ ಬಟ್ಟೆ ಕಟ್ಕೊಂಡಿದ್ಳಲ್ಲ, ಆಯಮ್ಮನ್ನ ಪದ್ಮಾ ಪದ್ಮಾ ಅಂತ ಕರೀತಿದ್ದೋರು ನೀವೇ ಅಲ್ವಾ?"

ಪದ್ಮ ನನ್ನ ಎದುರಿಗೇ ಇದ್ದಳು. ಸೊಪ್ಪಿನ ಮಂಕರಿ ಇಳಿಸಿ, ಹೆಬ್ಬೆರಳಿನ ಬಟ್ಟೆ ಬಿಗಿ ಮಾಡಿಕೊಳ್ಳುತ್ತಿದ್ದಳು. ಆ ಗಾಯ ಆಗಿದ್ದೇ ಆ ಬೆಳಗ್ಗೆ. ಕಟ್ಟಿದವಳು ನಾನು. ಮನೆಯ ನಾಲ್ಕು ಜನರ ಹೊರತು ಯಾರಿಗೂ ಗೊತ್ತಿರಲಿಲ್ಲ.

"ಜಲಪಾತದ ಮೇಲ್ಗಡೆಯಿಂದ ಅತ್ತಿಗೇ ಅತ್ತಿಗೇ ಅಂತ ಕೂಗ್ತಾ ಐತೆ. ಹತ್ತೋದಕ್ಕೆ ದಾರಿ ಸಿಗ್ತಿಲ್ಲ. ಜನ ಸೇರಿಸ್ತಾ ಇದೀನಿ" ಎಂದರು. ಫೋನು ಕಟ್ಟಾಯಿತು. ಆಮೇಲೆ ಎಷ್ಟು ಮಾಡಿದರೂ ಸಿಗಲಿಲ್ಲ.

ಸೋಮವಾರ ಬೆಳಗ್ಗೆ ಹುಳುಗಳು ಜ್ವರಕ್ಕೆ ಹೋಗಿದ್ದವು. ಪದ್ಮನನ್ನು ಕಣ್ಣಾರೆ ತೋರಿಸದೆ ಆ ಮನುಷ್ಯ ನಂಬುವುದಿಲ್ಲ ಎಂದು ಯಜಮಾನರು ಹೇಳಿದರು. ನಾನು ಶಾಲೆಗೆ ರಜೆ ಹಾಕಿದೆ. ಆಟೋ ಮಾಡಿಕೊಂಡು ಮೂವರೂ ಹೊರಟೆವು. ದಾರಿಯುದ್ದಕ್ಕೂ ಪದ್ಮ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಬೆಟ್ಟದ ಬುಡದಲ್ಲಿ ನಾರಾಯಣಪ್ಪ ಮತ್ತು ನಾಲ್ಕು ಜನ ಹಗ್ಗ ಇಟ್ಟುಕೊಂಡು ಕೂತಿದ್ದರು. ಕತ್ತಲಲ್ಲಿ ಹತ್ತಲಾಗದೆ ಇಳಿದು ಬಂದು, ಈಗ ಮತ್ತೆ ಹೊರಡುವವರು. ಪದ್ಮನನ್ನು ನೋಡಿ ನಾರಾಯಣಪ್ಪ ಎದ್ದು ನಿಂತರು. ಮುಖ ನೋಡಿದರು, ಹೆಬ್ಬೆರಳು ನೋಡಿದರು.

"ಈಯಮ್ಮನೇ" ಎಂದರು. ಆಮೇಲೆ ಬೆಟ್ಟದ ಕಡೆ ನೋಡಿ ಕೇಳಿದರು, "ಮತ್ತೆ ಬೆಳಗಾಗೋ ತನಕ ಮೇಲೆ ಕೂಗ್ತಿದ್ದಿದ್ದು ಯಾರಮ್ಮಾ?"

ನಾನು ಮೊದಲೇ ಹೇಳಿದ ಆ ತಪ್ಪು ಮಾಡಿದ್ದು ಆಗಲೇ. ನಾನು ಪಾಠ ಶುರು ಮಾಡಿದೆ. ನೀರು ಬೀಳುವ ಸದ್ದು ಬಂಡೆಗೆ ಬಡಿದು ಪ್ರತಿಧ್ವನಿಯಾಗುತ್ತದೆ, ಕಿವಿಗೆ ಬೇಕಾದ ಹಾಗೆ ಕೇಳುತ್ತದೆ, ಇಲ್ಲವೇ ಮುಸುವ ಕೋತಿಗಳು ಕೂಗಿರಬೇಕು ಎಂದೆಲ್ಲ ಹೇಳಿದೆ. "ನಮ್ಮ ಹುಡುಗಿ ಇಲ್ಲೇ ಇದಾಳಲ್ಲ, ಇನ್ಯಾರನ್ನ ಹುಡುಕ್ತೀರಿ? ಮನೆಗೆ ಹೋಗಿ" ಎಂದೆ. ಟೀಚರ್ ಹೇಳಿದ ಮಾತು. ರಾತ್ರಿಯೆಲ್ಲ ಒದ್ದಾಡಿದ್ದ ಜನ ಬೇರೆ. ಹಗ್ಗ ಸುತ್ತಿಕೊಂಡು ಒಬ್ಬೊಬ್ಬರೇ ಊರ ಕಡೆ ನಡೆದರು.

ವಾಪಸು ಬರುವಾಗ ಪದ್ಮ ಒಂದೇ ಮಾತು ಆಡಿದ್ದು. "ಅತ್ತಿಗೆ, ನಾವಾದ್ರೂ ಒಂದ್ಸಲ ಹತ್ತಿ ನೋಡ್ಬೋದಿತ್ತು." ಅವಳ ಮದುವೆ ಚೆನ್ನಾಗಿಯೇ ಆಯಿತು, ಎರಡು ಮಕ್ಕಳಿದ್ದಾರೆ. ಆ ವಿಷಯವನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ವಿಜ್ಞಾನದವಳಾಗಿ ನಾನು ಯೋಚಿಸದೆ ಬಿಟ್ಟಿಲ್ಲ. ಸೊಪ್ಪು ಕೊಯ್ಯುವ ನಮ್ಮ ಸೀಮೆಯಲ್ಲಿ ಯಾವ ಹುಡುಗಿಯ ಬೆರಳಿಗೆ ಕುಡುಗೋಲು ತಾಗಿಲ್ಲ? ಅರಿಸಿನ ಹಚ್ಚಿದರೆ ಯಾವ ಬಟ್ಟೆಯೂ ಹಳದಿಯೇ. ಪದ್ಮ ಎಂಬ ಹೆಸರು ಊರಿಗೆ ನಾಲ್ಕಿದೆ. ನಾರಾಯಣಪ್ಪನವರು ಮುಖಕ್ಕಿಂತ ಹೆಬ್ಬೆರಳಿನ ಬಟ್ಟೆ ನೋಡಿಯೇ "ಈಯಮ್ಮನೇ" ಎಂದಿರಬಹುದು. ನಾವು ಹೋಗದ ದಿನ ಬೇರೆ ಯಾರೋ ಮೂವರು ಹೋಗಿರಬಹುದು. ಹಾಗೆಂದುಕೊಂಡರೆ ಇನ್ನೂ ಕಷ್ಟ. ಯಾರೋ ಅಣ್ಣ ಅತ್ತಿಗೆ ಬಿಟ್ಟು ಬಂದ ಹುಡುಗಿಯೊಬ್ಬಳು ಅಲ್ಲಿ ನಿಜವಾಗಿಯೂ ಇದ್ದಳು, ನಮ್ಮ ಹುಡುಗಿಯನ್ನು ತೋರಿಸಿ ಅವಳನ್ನು ಹುಡುಕುವುದನ್ನು ನಾನು ನಿಲ್ಲಿಸಿದೆ ಎಂದಾಯಿತು. ತಿಂಗಳುಗಟ್ಟಲೆ ಪೇಪರಿನಲ್ಲಿ ಕಾಣೆಯಾದವರ ಫೋಟೋ ಹುಡುಕಿದೆ. ಅಂಥವಳು ಯಾರೂ ಸಿಗಲಿಲ್ಲ.

ಇಷ್ಟನ್ನು ಯಜಮಾನರೂ ಬಲ್ಲರು. ಇನ್ನೊಂದನ್ನು ಅವರಿಗೂ ಹೇಳಿಲ್ಲ. ಅಂದು ಜನರೆಲ್ಲ ಹೋದ ಮೇಲೆ ಅವರು ಆಟೋದವನನ್ನು ಕರೆಯಲು ರಸ್ತೆಗೆ ಹೋಗಿದ್ದರು. ಪದ್ಮ ನನ್ನ ಪಕ್ಕದಲ್ಲೇ, ನನ್ನ ಕೈ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆಗ ಬೆಟ್ಟದ ಮೇಲಿಂದ ಅವಳದೇ ದನಿಯಲ್ಲಿ, ತೀರ ಸಣ್ಣಗೆ, "ಅತ್ತಿಗೇ" ಎಂದು ಕೇಳಿಸಿತು. ಅವಳ ಬೆರಳುಗಳು ನನ್ನ ಕೈಯಲ್ಲಿ ಒಮ್ಮೆ ಬಿಗಿಯಾದವು. ಕರೆದದ್ದು ನನ್ನನ್ನೇ ಎಂದು ಗೊತ್ತಿತ್ತು. ನಾನು ಓಗೊಡಲಿಲ್ಲ.