ಅತ್ತೆಯವರು ರಾಟೆತೊಟ್ಟಿಲು ಹತ್ತಿದ ದಿನ

ಮೊನ್ನೆ ನಂದೂರಿನ ಕಡೆಯಿಂದ ತೊಗರಿ ಚೀಲ ಹೇರಿಕೊಂಡು ಬಂದ ಬಂಡಿಯೊಂದು ನಮ್ಮ ಮನೆಯ ಮುಂದೆಯೇ ಹಟ ಹಿಡಿದು ನಿಂತಿತು. ಬಂಡಿಯವ ಗಾಲಿ ಸಡಿಲಿಸಿ ಅಚ್ಚಿಗೆ ಕೀಲೆಣ್ಣೆ ಬಳಿದ. ಮಸಿ ಬೆರೆತ ಔಡಲೆಣ್ಣೆಯ ಆ ಕಮಟು ವಾಸನೆ ಬಂದದ್ದೇ ತಡ, ನನ್ನ ಎರಡೂ ಕೈಗಳು ಕೂತಿದ್ದ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡವು. ಎಪ್ಪತ್ತು ದಾಟಿದವಳು ಸ್ವಂತ ಕಟ್ಟೆಯಿಂದ ಬೀಳುವ ಸಂಭವವೇನೂ ಇರಲಿಲ್ಲ. ಆದರೆ ಕೈಗಳು ನನ್ನ ಮಾತು ಕೇಳಲಿಲ್ಲ. ತಾವು ಕಮಲಾಪುರದಲ್ಲಿ, ನೆಲದಿಂದ ಮೂರಾಳು ಎತ್ತರದಲ್ಲಿ ಇದ್ದೇವೆಂದೇ ಅವು ತಿಳಿದಿದ್ದವು... ಎದುರಿಗೆ ನಮ್ಮ ಅತ್ತೆಯವರು ಕೂತಿದ್ದಾರೆಂದೂ.

ಆಗ ಹೈದರಾಬಾದಿನಲ್ಲಿ ನಿಜಾಮರು ಆಳುತ್ತಿದ್ದರು, ಕಲಬುರಗಿಯ ಜಗತ್ ಎಂಬ ಓಣಿಯ ಹತ್ತಿರದ ನಮ್ಮ ಮನೆಯಲ್ಲಿ ಅತ್ತೆಯವರು. ಎರಡೂ ದರಬಾರುಗಳಲ್ಲಿ ಅರ್ಜಿ ಹಾಕಿಕೊಂಡವರಿಗೆ ಉತ್ತರ ಬರುವ ಪದ್ಧತಿ ಇರಲಿಲ್ಲ. ಬೇಳೆ ವ್ಯಾಪಾರದ ಮಾವನವರು ಅಂಗಡಿಯಲ್ಲಿ ದೊಡ್ಡ ದನಿಯವರು, ಹೊಸ್ತಿಲು ದಾಟಿದರೆ ಅವರೂ ಪ್ರಜೆಯೇ. ಅತ್ತೆಯವರು ಅಂಜುತ್ತಿದ್ದುದು ಒಂದಕ್ಕೇ. ಕೊರಳಿನ ಇಷ್ಟಲಿಂಗ ಮೈಯಿಂದ ಬೇರೆಯಾದೀತೆಂದು. ಅವರ ಸೋದರತ್ತೆಯೊಬ್ಬರ ಲಿಂಗ ಹೊಳೆಯಲ್ಲಿ ಜಾರಿ ಹೋಯಿತಂತೆ. ಅವರು ಅಂದೇ ಅನ್ನ ನೀರು ಬಿಟ್ಟರಂತೆ, ವಾರ ಕಳೆಯುವುದರೊಳಗೆ ತೀರಿಕೊಂಡರಂತೆ. ಅತ್ತೆಯವರು ಇದನ್ನು ಪುಂಡಿಪಲ್ಲೆಯ ಸೊಪ್ಪು ಸೋಸುತ್ತ, ಪಕ್ಕದ ಮನೆಯ ಸುದ್ದಿಯೆಂಬಂತೆ ಹೇಳಿ, ಕೊನೆಗೆ, "ನಾನೂ ಹಂಗ ಮಾಡಾಕಿ" ಎಂದು ಮುಗಿಸುತ್ತಿದ್ದರು. ಅವರು ಆಡಿದ ಮಾತನ್ನು ಮಾಡದೆ ಬಿಟ್ಟದ್ದನ್ನು ನಾನು ನೋಡಿರಲಿಲ್ಲ.

ನನ್ನ ಮದುವೆಯಾಗಿ ಎರಡನೆಯ ಶ್ರಾವಣ. ಪಂಚಮಿಗೆ ತವರಿಗೆ, ಕಮಲಾಪುರಕ್ಕೆ ಹೋದವಳನ್ನು ಕರೆದೊಯ್ಯಲು ಅತ್ತೆಯವರೇ ಬಂಡಿ ಕಟ್ಟಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಪೂಜೆಗೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಅದನ್ನಿಡುವ ಕರಡಿಗೆಯನ್ನೂ ಕೊರಳಿಗೆ ಹಾಕುವ ಶಿವದಾರವನ್ನೂ ನನ್ನ ಕೈಗೆ ಕೊಟ್ಟರು. "ದಾರ ಸವದದ ನೋಡು. ಪೂಜಿ ಮುಗಿಯೂದ್ರಾಗ ಹೊಸಾ ದಾರ ಹೊಸದು ಹಾಕು."

ದಾರ ಹೊಸೆಯುವುದು ತಾಳ್ಮೆಯ ಕೆಲಸ. ಹೊರಗೆ ಬೇವಿನ ಮರದ ಜೋಕಾಲಿಯಲ್ಲಿ ಗೆಳತಿಯರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಹಳೆಯ ದಾರದ ಸವೆದ ಜಾಗವನ್ನು ಕಿತ್ತು, ಎರಡು ತುದಿಗಳನ್ನು ಸೇರಿಸಿ ಒಂದು ಗಂಟು ಬಿಗಿದು, ಹೊಸದರಂತೆ ಬೆಳ್ಳಗೆ ಕಾಣಲೆಂದು ವಿಭೂತಿ ತಿಕ್ಕಿ ಒಪ್ಪಿಸಿಬಿಟ್ಟೆ. ಕಲಬುರಗಿಗೆ ಹೋದ ಮೇಲೆ ಹೊಸೆದರಾಯಿತು, ಒಂದು ದಿನದಲ್ಲಿ ಏನಾದೀತು ಎಂಬುದು ನನ್ನ ತರ್ಕ. ಅತ್ತೆಯವರು ಕೊರಳಿಗೆ ಹಾಕಿಕೊಂಡು, "ಲಗೂ ಮಾಡಿದಿ, ಶಾಣ್ಯಾಕಿ" ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಆ ವರ್ಷ ಊರ ಹೊರಗಿನ ಬಾಳೆತೋಟದ ಪಕ್ಕದಲ್ಲಿ ರಾಟೆತೊಟ್ಟಿಲಿನವನೊಬ್ಬ ಬಿಡಾರ ಹೂಡಿದ್ದ. ಎರಡು ಕಂಬಗಳ ನಡುವೆ ಒಂದು ಅಚ್ಚು, ಅದಕ್ಕೆ ನಾಲ್ಕು ಮರದ ತೊಟ್ಟಿಲು, ತಿರುಗಿಸಲು ಇಬ್ಬರು ಗಟ್ಟಿ ಆಳು. ಸಪಾಟು ನೆಲವೆಂದು ಅವನು ಆರಿಸಿಕೊಂಡ ಜಾಗ ಹಾಳುಬಾವಿಯೊಂದರ ದಂಡೆ. ತೊಟ್ಟಿಲು ಮೇಲೇರುವಾಗ ಆ ಕಪ್ಪು ನೀರಿನ ಮೇಲೆ ಹಾದೇ ಹೋಗಬೇಕು. ಹೈದರಾಬಾದಿನ ಬೇಗಮರೆಲ್ಲ ತನ್ನ ತೊಟ್ಟಿಲಲ್ಲಿ ಕೂತವರೆಂದು ಅವನು ಸಾರುತ್ತಿದ್ದ. ಬೇಗಮರು ಇಳಿದ ಮೇಲೆ ಅದಕ್ಕೆ ಯಾರೂ ಒಂದು ಮೊಳೆಯನ್ನೂ ಹೊಡೆದಂತಿರಲಿಲ್ಲ.

ಮಧ್ಯಾಹ್ನ ನಾವೆಲ್ಲ ನೋಡಲು ಹೋದೆವು. ನೋಡಲು ಮಾತ್ರ. ಆದರೆ ನಮ್ಮವ್ವ ಒಮ್ಮೆ ಹತ್ತಿಳಿದು, ಸೆರಗು ಸರಿಪಡಿಸಿಕೊಳ್ಳುತ್ತ ಅಂದುಬಿಟ್ಟಳು: "ನಮ್ಮ ಬೀಗತ್ಯಾರಿಗೆ ಇದೆಲ್ಲ ಆಗಂಗಿಲ್ರೆವ್ವಾ. ಪ್ಯಾಟಿಯವರು, ನೆಲಾ ಬಿಟ್ಟು ಗೊತ್ತಿಲ್ಲ."

"ಯಾರಿಗಿ ಆಗಂಗಿಲ್ಲ?" ಎಂದರು ಅತ್ತೆಯವರು. ನನ್ನತ್ತ ತಿರುಗಿ, "ಏಳು, ನಡಿ."

ನಾನು ಹಿಂದೆ ಸರಿದೆ. "ಬ್ಯಾಡ್ರಿ ಅತ್ತಿ... ತಲಿ ತಿರಗತದ್ರಿ."

"ನಿನ್ನಂಥಾ ಸೊಸಿ ಬಂದ ಮ್ಯಾಲೂ ತಿರಗದ ತಲಿ, ಇದಕ್ಕ ತಿರಗತದೇನ?"

ನೆರೆದವರು ನಕ್ಕರು. ಆಗಲೇ ದಾರದ ಸಂಗತಿ ಹೇಳಿಬಿಡಬಹುದಿತ್ತು. ಆದರೆ ಅವ್ವನ ಮುಂದೆ, ಊರ ಹೆಂಗಸರ ಮುಂದೆ, ಲಿಂಗದ ವಿಷಯದಲ್ಲಿ ಮೋಸ ಮಾಡಿದೆನೆಂದು ಹೇಗೆ ಹೇಳುವುದು? ಹೋಗಿ ತೊಟ್ಟಿಲಲ್ಲಿ ಅತ್ತೆಯವರ ಎದುರಿಗೆ ಕೂತೆ. "ಘಟ್ಟಿ ಹಿಡಕೋರಿ ಅಮ್ಮಾ! ಎರಡೂ ಬಾಜೂ ವಜನ್ ಬರಾಬರ್ ಅದ!" ಎಂದು ಕೂಗಿ, ರಾಟೆಯವ ತನ್ನ ಆಳುಗಳಿಗೆ ಸನ್ನೆ ಮಾಡಿದ.

ಮೊದಲ ಸುತ್ತಿಗೆ ಅತ್ತೆಯವರ ಸೆರಗು ಗಾಳಿಗೆ ಸರಿದು ಬೆಳ್ಳಿಯ ಕರಡಿಗೆ ಹೊರಬಂತು. ಅವರ ಎರಡೂ ಕೈ ತೊಟ್ಟಿಲಿನ ಪಟ್ಟಿಯ ಮೇಲೆ. ಕರಡಿಗೆಯನ್ನು ಹಿಡಿಯುವ ಅಗತ್ಯ ಅವರಿಗೇನು? ದಾರ ಹೊಸದಲ್ಲವೇ! ನಾನು ಗಂಟನ್ನೇ ನೋಡುತ್ತಿದ್ದೆ. ಬಿಗಿದಾಗ ಗಂಟಿನಾಚೆ ನಾಲ್ಕು ಬೆರಳು ದಾರದ ತುದಿ ಉಳಿದಿತ್ತು. ಎರಡನೆಯ ಸುತ್ತಿಗೆ ಎರಡೇ ಬೆರಳು. ಅಚ್ಚು ಕಿರ್ರೆಂದಾಗಲೆಲ್ಲ ಕೀಲೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಕೆಳಗೆ ಬಾವಿ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಮುಂದಿನ ವಾರ ನಮ್ಮ ಮನೆಯಲ್ಲಿ ನಡೆಯಲಿದ್ದುದೆಲ್ಲ ನನಗೆ ಕಾಣತೊಡಗಿತು... ಮುಟ್ಟದ ತಾಟು, ಒಣಗಿದ ತುಟಿ, ಕಾರಣ ಯಾರೆಂದು ಗೊತ್ತಿರುವವಳು ನಾನೊಬ್ಬಳೇ.

ಮೂರನೆಯ ಸುತ್ತಿಗೆ ತುದಿ ಕಾಣಲಿಲ್ಲ. ನಾವು ಬಾವಿಯ ಮೇಲಿದ್ದೆವು. ನಾನು ಎದ್ದು ಅವರ ಎದೆಯ ಮೇಲೆ ಬಿದ್ದು, ಕರಡಿಗೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದೆ. ತೊಟ್ಟಿಲು ಒಂದೇ ಬದಿಗೆ ವಾಲಿತು. ಕೆಳಗೆ ಹೆಂಗಸರು ಕಿರುಚಿದರು. "ಅರೆ ಅರೆ! ರೋಕೋ!" ಎಂದು ರಾಟೆಯವ ಗಾಬರಿಯಲ್ಲಿ ನಿಲ್ಲಿಸಿಬಿಟ್ಟ. ಎಲ್ಲಿ ನಿಲ್ಲಿಸಬಾರದೋ ಅಲ್ಲಿಯೇ.

ಅಲ್ಲಿ ತೂಗಾಡುತ್ತಿರುವಾಗ ಅತ್ತೆಯವರು ಪಟ್ಟಿ ಬಿಟ್ಟು ನನ್ನನ್ನು ತಬ್ಬಿಕೊಂಡರು. ಒಂದೂವರೆ ವರ್ಷದಲ್ಲಿ ನನ್ನ ಮೈ ಮುಟ್ಟದ ಕೈ ತಲೆ ಸವರಿತು. "ಅಂಜಬ್ಯಾಡ. ನಾ ಅದೀನಲ್ಲ." ದನಿ ಗಟ್ಟಿಯಾಗಿತ್ತು, ನನ್ನ ಕಿವಿಯ ಕೆಳಗೆ ಅವರ ಎದೆ ಮಾತ್ರ ಬೀಸುಕಲ್ಲಿನ ಹಾಗೆ ಗುಡುಗುಡು ಎನ್ನುತ್ತಿತ್ತು. ಆ ಅಪ್ಪುಗೆಯ ಮರೆಯಲ್ಲಿ ನನ್ನ ಬೆರಳುಗಳು ಬಿಚ್ಚಿದ ದಾರವನ್ನು ಹುಡುಕಿ ಒಂದರ ಮೇಲೊಂದು ಮೂರು ಗಂಟು ಹಾಕಿದವು.

ಇಳಿದ ಮೇಲೆ ಅತ್ತೆಯವರು ನಮ್ಮವ್ವನಿಗೆ, "ಪ್ಯಾಟಿಯವರದಿರಲಿ, ನಿಮ್ಮ ಮಗಳ ಗುಂಡಿಗಿ ನೋಡ್ರಿ ಬೀಗತಿ, ಗುಬ್ಬಿ ಗುಂಡಿಗಿ" ಎಂದರು. ನಾನು ತಲೆ ತಗ್ಗಿಸಿದೆ. ಸಂಜೆಯೊಳಗೆ ಹೊಸ ದಾರ ಹೊಸೆದು, ಬೆಳಗಿನದಕ್ಕೆ ರಾಟೆಯ ಎಣ್ಣೆ ಹತ್ತಿದೆ ಎಂಬ ನೆವ ಹೇಳಿ ಬದಲಿಸಿದೆ. ನನ್ನ ಭಕ್ತಿಯನ್ನು ಕಂಡು ಅವರು ಇನ್ನೊಮ್ಮೆ ಮೆಚ್ಚಿಕೊಂಡರು. ನನಗೆ ಬೈಗಳಾದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅಂದಿನಿಂದ ನಾನು ಅಧಿಕೃತ ಅಂಜುಬುರುಕಿ. ಬಾವಿಗೆ ಬಗ್ಗಿ ನೀರು ಸೇದುವುದು ನನಗೆ ಮಾಫಿ, ನಿಚ್ಚಣಿಕೆ ಹತ್ತುವುದು ಮಾಫಿ. ಗುಡುಗಿದರೆ ಒಳಗಿನಿಂದ ಕೂಗು: "ಸೊಸಿ ಒಬ್ಬಾಕೀನ ಕುಂತಾಳ, ಯಾರರೆ ಹೋಗ್ರಿ!" ಬೇರೆಯವರು ಬರುವ ಮೊದಲೇ ಅವರೇ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಆ ಪ್ರೀತಿ ನಾನು ಸುಳ್ಳಿನಿಂದ ಗಳಿಸಿದ ಜಹಗೀರು. ನಿಜ ಹೇಳಿದರೆ ಜಪ್ತಿಯಾದೀತೆಂದು ಅಂಜುತ್ತ ಅನುಭವಿಸಿದೆ, ಎಷ್ಟೋ ವರ್ಷ...

ಅವರು ಕೊನೆಯ ಸಲ ಹಾಸಿಗೆ ಹಿಡಿದಾಗ, ಇನ್ನು ಹೇಳದಿದ್ದರೆ ಆಗದೆಂದು ಪಕ್ಕದಲ್ಲಿ ಕೂತೆ. "ಅತ್ತಿ, ಅವತ್ತು ಕಮಲಾಪುರದಾಗ..." ಅಷ್ಟರಲ್ಲಿ ಅಳು ಬಂದುಬಿಟ್ಟಿತು. ಅವರು ಕಷ್ಟಪಟ್ಟು ಕೈ ಎತ್ತಿ ನನ್ನ ತಲೆಯ ಮೇಲಿಟ್ಟರು. "ಅಂಜಬ್ಯಾಡ. ನಾ ಅದೀನಲ್ಲ." ಎರಡು ದಿನಕ್ಕೆ ಹೋದರು. ಕಮಲಾಪುರದಲ್ಲಿ ನಾನು ಯಾತಕ್ಕೆ ಅಂಜಿದ್ದೆನೆಂದು ಅವರಿಗೆ ತಿಳಿಯಲೇ ಇಲ್ಲ. ಈ ಸಲ ಮಾತ್ರ ನನ್ನ ಅಂಜಿಕೆಯನ್ನು ಅವರು ಸರಿಯಾಗಿಯೇ ತಿಳಿದಿದ್ದರು, ನಾನು ಅಂಜಿದ್ದು ಅವರಿಲ್ಲದ ಮನೆಗೆ.

ಈಗ ನಿಜಾಮರ ಸರಕಾರವೂ ಇಲ್ಲ. ನನಗೇ ಮೂವರು ಸೊಸೆಯರು, ಮೊಮ್ಮಕ್ಕಳು. ನಾನು ಕೆಮ್ಮಿದರೆ ಪಡಸಾಲೆ ಗಪ್ಪಾಗುತ್ತದೆ. ಮನೆ ತುಂಬ ನನಗೆ ಅಂಜುವವರೇ ಇದ್ದಾರೆ. ನನಗೂ ಅಂಜಿಕೆಯಾಗುತ್ತದೆಂದು ಗೊತ್ತಿದ್ದವರು ಒಬ್ಬರೇ ಇದ್ದರು.